ಮಲೆನಾಡಿನಲ್ಲಿ ಮತ್ತೆ ರೀಲ್ ಕ್ಯಾಮೆರಾ: ಸೆಕೆಂಡ್ ಹ್ಯಾಂಡ್ ಎಸ್‌ಎಲ್‌ಆರ್ ಆರಿಸುವುದರಿಂದ ನೆಗೆಟಿವ್ ಒಣಗಿಸುವ ತನಕ

ಮಲೆನಾಡಿನಲ್ಲಿ ಕ್ಯಾಮೆರಾಗಳು ಬಳಸಿ ಬಳಸಿ ಹಾಳಾಗುವುದು ಕಡಿಮೆ. ಸುಮ್ನೆ ಇಟ್ಟೇ ಹಾಳಾಗುವುದು ಜಾಸ್ತಿ. ಚರ್ಮದ ಕೇಸ್‌ಗೆ ಹಾಕಿ, ಬೀರುವಿನಲ್ಲಿ ಸೀರೆಗಳ ಪಕ್ಕ ಇಟ್ಟು, ನಾಲ್ಕೈದು ಮಳೆಗಾಲ ಮರೆತರೆ ಲೆನ್ಸ್ ಒಳಗೆ ಬೂಷ್ಟು ಬೆಳೆದಿರುತ್ತದೆ. ಬಯಲುಸೀಮೆಯವರು ಕ್ಯಾಮೆರಾ ಕೊಳ್ಳುವಾಗ ಶಟರ್, ಮೀಟರ್, ಬೆಲೆ ಅಂತ ನೋಡುತ್ತಾ ಹೋಗಬಹುದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಮೊದಲು ನೋಡಬೇಕಾದ್ದು ಥಂಡಿ ಏನು ಮಾಡಿದೆ ಎಂಬುದನ್ನು. ಆಮೇಲೆ ನೆರಳು. ಅಡಿಕೆ ತೋಟ, ಕಾಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಮೋಡ. ಇಲ್ಲಿ ಬೆಳಕು ಯಾವಾಗಲೂ ಸ್ವಲ್ಪ ಕಮ್ಮಿಯೇ. ಈ ಎರಡನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕ್ಯಾಮೆರಾ, ಲೆನ್ಸ್, ರೀಲ್ ಎಲ್ಲವನ್ನೂ ಆರಿಸಬೇಕು.

ಹಿಂದೆ ರೀಲ್ ಹಾಕಿ ಫೋಟೋ ತೆಗೆದು, ಆಮೇಲೆ ಡಿಜಿಟಲ್, ಮೊಬೈಲ್ ಅಂತ ಹೋಗಿ, ಈಗ ಮತ್ತೆ ಆಸೆ ಹುಟ್ಟಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸಬರೂ ಓದಬಹುದು. ಖರ್ಚಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ಕಲರ್ ರೀಲ್ ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುವುದು ಈಗ ಮಾಮೂಲು. ಸಿಗುವುದು 36 ಫೋಟೋ. ಇದು ಒಪ್ಪಿಗೆ ಇದ್ದರೆ ಮುಂದೆ ಹೋಗೋಣ.

ಯಾವ ಕ್ಯಾಮೆರಾ

ಬ್ಯಾಟರಿ ಇಲ್ಲದಿದ್ದರೂ ಶಟರ್ ಕೆಲಸ ಮಾಡುವ ಮೆಕ್ಯಾನಿಕಲ್ ಕ್ಯಾಮೆರಾ ತೆಗೆದುಕೊಳ್ಳಿ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ, ಎಫ್‌ಎಂ2, ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಎಲ್ಲವೂ ಈ ಜಾತಿಯವು. ಇವುಗಳಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಲೈಟ್ ಮೀಟರ್‌ಗೆ ಮಾತ್ರ. ಕ್ಯಾನನ್ ಎಇ-1, ಮಿನೋಲ್ಟಾ ಎಕ್ಸ್-700 ಕೂಡ ಒಳ್ಳೆಯ ಕ್ಯಾಮೆರಾಗಳೇ. ಆದರೆ ಅವುಗಳ ಶಟರ್ ನಡೆಸುವುದು ಎಲೆಕ್ಟ್ರಾನಿಕ್ಸ್. ಒಳಗಿನ ಸರ್ಕ್ಯೂಟ್‌ಗೆ ತೇವ ಹೊಡೆದರೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಮೆಕ್ಯಾನಿಕಲ್ ಆದರೆ ಎಣ್ಣೆ, ಸ್ಪ್ರಿಂಗ್, ಗೇರು ಅಷ್ಟೇ.

ನನ್ನ ಆಯ್ಕೆ ಕೆ1000. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಇದು. ಕಲಿಯಲು ಇದಕ್ಕಿಂತ ಸುಲಭದ್ದು ಇಲ್ಲ. ಒಂದು ವಿಷಯ ನೆನಪಿರಲಿ. ಇದರ ಮೀಟರ್‌ಗೆ ಆನ್-ಆಫ್ ಸ್ವಿಚ್ ಇಲ್ಲ. ಲೆನ್ಸ್ ಕ್ಯಾಪ್ ಹಾಕಿದರೇ ಆಫ್. ಕ್ಯಾಪ್ ಹಾಕದೆ ಇಟ್ಟರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಾ ಹೋಗುತ್ತದೆ.

ರಷ್ಯಾದ ಜೆನಿಟ್-ಇ ಕಡಿಮೆ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳಬಹುದಾ? ತೆಗೆದುಕೊಳ್ಳಿ, ಆದರೆ ಮಿತಿ ತಿಳಿದಿರಲಿ. ಅದರ ಶಟರ್ ಸ್ಪೀಡ್ 1/30ರಿಂದ 1/500ರವರೆಗೆ ಮಾತ್ರ. ಜೊತೆಗೆ ಬಿ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವುದು) ಇದೆ. ಮೀಟರ್‌ಗೆ ಬ್ಯಾಟರಿಯೇ ಬೇಡ, ಸೆಲೆನಿಯಂ ಮೀಟರ್ ಅದು. ಆದರೆ ಇಷ್ಟು ವರ್ಷದ ಮೇಲೆ ಅದರ ಮಾತು ನಂಬುವ ಹಾಗಿಲ್ಲ. ಮತ್ತೆ ಭಾರ. ಕೊಡಚಾದ್ರಿ ಹತ್ತಿದ ಮೇಲೆ ಕುತ್ತಿಗೆಯೇ ಹೇಳುತ್ತದೆ.

ಲೆನ್ಸ್ 50 ಎಂಎಂ ಸಾಕು. ಎಫ್ 2 ಅಥವಾ 1.8 ಇರುವಂಥದ್ದು. ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಕಿಟ್‌ನಲ್ಲಿ ಬರುವ 35-70 ಜೂಮ್ ಲೆನ್ಸ್‌ಗಳು ಎಫ್ 3.5ರಿಂದ ಶುರುವಾಗುತ್ತವೆ. ತೋಟದ ನೆರಳಿನಲ್ಲಿ ಆ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ವ್ಯತ್ಯಾಸವೇ ಫೋಟೋ ಅಲುಗಾಡಿದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುತ್ತದೆ.

ಎಲ್ಲಿ ಹುಡುಕುವುದು

ಮೊದಲು ಸ್ಟುಡಿಯೋಗಳಲ್ಲಿ. ಭದ್ರಾವತಿ, ಸಾಗರ, ತೀರ್ಥಹಳ್ಳಿಯ ಹಳೆಯ ಸ್ಟುಡಿಯೋದವರು ಮದುವೆ, ನಾಮಕರಣಕ್ಕೆ ಬಳಸಿದ ಕ್ಯಾಮೆರಾವನ್ನು ಸಾಮಾನ್ಯವಾಗಿ ಎಸೆದಿರುವುದಿಲ್ಲ. "ಅಣ್ಣಾ, ರೀಲ್ ಕ್ಯಾಮೆರಾ ಏನಾದ್ರೂ ಇಟ್ಕೊಂಡಿದ್ದೀರಾ?" ಅಂತ ಕೇಳಿ ನೋಡಿ. ಅಂಚಿನಲ್ಲಿ ಕಪ್ಪು ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿದ್ದರೆ ಹೆದರಬೇಡಿ. ಆ ಕ್ಯಾಮೆರಾ ದಿನಾ ಕೆಲಸ ಮಾಡಿದೆ ಎಂದರ್ಥ. ಪೆಟ್ಟಿಗೆಯಿಂದ ತೆಗೆಯದೆ ಫಳಫಳ ಇಟ್ಟ ಕ್ಯಾಮೆರಾಕ್ಕಿಂತ ಇದು ಎಷ್ಟೋ ವಾಸಿ. ಕೊಂಡರೆ ಸ್ವಲ್ಪ ಹೊತ್ತು ಕೂತು ಮಾತಾಡಿ. ಡಾರ್ಕ್ ರೂಮ್‌ನಲ್ಲಿ ಕೆಲಸ ಮಾಡಿದವರ ಹತ್ತಿರ ಪುಸ್ತಕದಲ್ಲಿಲ್ಲದ ವಿದ್ಯೆ ಇರುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಫೋಟೋ ನೋಡಿ ದುಡ್ಡು ಹಾಕಬೇಡಿ. ಹಿಂದಿನ ಬಾಗಿಲು ತೆರೆದು ಶಟರ್ ಒತ್ತುವ ವೀಡಿಯೋ ಕೇಳಿ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟ ವೀಡಿಯೋನೂ ಬೇಕು. ಕೊಡದಿದ್ದರೆ ಬಿಟ್ಟುಬಿಡಿ. "ಫಿಲ್ಮ್ ಹಾಕಿ ಟೆಸ್ಟ್ ಮಾಡಿಲ್ಲ" ಅಂತ ಬರೆದಿದ್ದರೆ ಹಾಳಾಗಿದೆ ಅಂತಲೇ ಓದಿಕೊಳ್ಳಿ.

ಕೈಗೆ ಬಂದ ಮೇಲೆ ನೋಡಬೇಕಾದ್ದು

ಲೆನ್ಸ್ ಬಿಚ್ಚಿ. ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣ ಒಂದಷ್ಟು ಇದ್ದೇ ಇರುತ್ತದೆ, ಫೋಟೋದಲ್ಲಿ ಅದು ಕಾಣುವುದಿಲ್ಲ. ಸಣ್ಣ ಸಣ್ಣ ದಾರ ಕವಲೊಡೆದ ಹಾಗೆ ಕಂಡರೆ ಅದು ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ನಡುವೆ ಇದ್ದರೆ ಬೇಡ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ. ಲೆನ್ಸ್ ಬಿಚ್ಚಿ ಒರೆಸಿದರೂ ಆ ಗುರುತು ಉಳಿಯುತ್ತದೆ. ಬೆಳಕಿಗೆ ಎದುರಾಗಿ ಫೋಟೋ ತೆಗೆದಾಗ ಚಿತ್ರ ಮಂಜಾಗುತ್ತದೆ. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬೆಳೆಯುವುದು ನಿಲ್ಲಬಹುದು. ಕೋಟಿಂಗ್ ವಾಪಸ್ ಬರುವುದಿಲ್ಲ.

ವ್ಯೂಫೈಂಡರ್‌ನಲ್ಲಿ ಬೂಷ್ಟು, ಕಪ್ಪು ಚುಕ್ಕೆ ಇದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನೋಡಲು ಕಿರಿಕಿರಿ, ಅಷ್ಟೇ. ಅದು ಫಿಲ್ಮ್ ಮೇಲೆ ಬೀಳುವುದಿಲ್ಲ.

ಅಪರ್ಚರ್ ಬ್ಲೇಡ್‌ಗಳು ಒಣಗಿರಬೇಕು. ಎಣ್ಣೆ ಹೊಳೆಯುತ್ತಿದ್ದರೆ ಅವು ಸರಿಯಾದ ಹೊತ್ತಿಗೆ ಮುಚ್ಚಿಕೊಳ್ಳುವುದಿಲ್ಲ, ಬೆಳಕು ಹೆಚ್ಚಾಗಿ ಫೋಟೋ ಓವರ್ ಆಗುತ್ತದೆ. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಅದನ್ನು ಸರ್ವಿಸ್ ಮಾಡಿಸಬಹುದು.

ಈಗ ಬಾಡಿ. ಹಿಂದಿನ ಬಾಗಿಲು ತೆರೆಯಿರಿ, ರೀಲ್ ಇಲ್ಲ ಎಂದು ಖಾತ್ರಿ ಮಾಡಿಕೊಂಡು. ಲೆನ್ಸ್ ತೆಗೆದಿರಲಿ. ಒಂದು ಸೆಕೆಂಡಿನಿಂದ ಶುರು ಮಾಡಿ ಪ್ರತಿ ಸ್ಪೀಡ್‌ನಲ್ಲೂ ಶಟರ್ ಒತ್ತಿ ನೋಡಿ. ಒಂದು ಸೆಕೆಂಡು ಅಂದರೆ ಒಂದು ಸೆಕೆಂಡಿನ ಹಾಗೇ ಕೇಳಿಸಬೇಕು, ನಡುವೆ ತಡವರಿಸಬಾರದು. ಆಮೇಲೆ 1/1000ಕ್ಕೆ ಇಟ್ಟು, ಬಿಳಿ ಆಕಾಶದ ಕಡೆ ಹಿಡಿದು ಹಿಂದಿನಿಂದ ನೋಡುತ್ತಾ ಒತ್ತಿ. ಪೂರ್ತಿ ಚೌಕ ಮಿಂಚಬೇಕು. ಒಂದು ಪಕ್ಕ ಕಪ್ಪಾಗಿಯೇ ಉಳಿದರೆ ಎರಡನೇ ಪರದೆ ಮೊದಲನೆಯದನ್ನು ಹಿಡಿದುಬಿಡುತ್ತಿದೆ, ಫೋಟೋದಲ್ಲೂ ಆ ಪಕ್ಕ ಕಪ್ಪೇ.

ಬಾಗಿಲಿನ ಅಂಚಿನ ಸಂದಿಯಲ್ಲಿ ಕಪ್ಪು ಫೋಮ್ ಇರುತ್ತದೆ. ಬೆಳಕು ಒಳಗೆ ಬರದ ಹಾಗೆ ತಡೆಯುವ ಲೈಟ್ ಸೀಲ್ ಅದು. ಟೂತ್‌ಪಿಕ್‌ನಿಂದ ಮುಟ್ಟಿ. ಅಂಟಂಟಾಗಿ ಡಾಂಬರಿನ ಹಾಗೆ ಬಂದರೆ ಬದಲಿಸಬೇಕು. ಇಷ್ಟು ಹಳೆಯ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಅಂಟಾಗಿಯೇ ಇರುತ್ತದೆ, ಅದಕ್ಕೆ ಬೇಸರ ಬೇಡ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇಯರ್ ಬಡ್‌ನಿಂದ ನಿಧಾನವಾಗಿ ಕೆರೆದು ತೆಗೆದು, ಅದೇ ದಪ್ಪದ ಹೊಸ ಫೋಮ್ ಪಟ್ಟಿ ಅಂಟಿಸಿ. ಆ ಸಂದಿಯಲ್ಲಿ ಕಪ್ಪು ಉಣ್ಣೆ ದಾರ ಕೂರಿಸಿದರೂ ನಡೆಯುತ್ತದೆ. ಕೆರೆದ ಚೂರು ಶಟರ್ ಪರದೆಯ ಮೇಲೆ ಬೀಳದ ಹಾಗೆ ಕ್ಯಾಮೆರಾ ಬಗ್ಗಿಸಿ ಹಿಡಿಯಿರಿ. ಕನ್ನಡಿಯ ಮೇಲ್ಭಾಗದಲ್ಲೂ ಇದೇ ಫೋಮ್ ಇರುತ್ತದೆ. ಕನ್ನಡಿಯನ್ನು ಮಾತ್ರ ಬಟ್ಟೆಯಿಂದ ಒರೆಸಬೇಡಿ. ಅದರ ಹೊಳಪಿನ ಲೇಪ ಮೇಲ್ಗಡೆಯೇ ಇರುವುದರಿಂದ ಒಂದೇ ಒರೆಸಿಗೆ ಗೀರು ಬೀಳುತ್ತದೆ.

ಬ್ಯಾಟರಿ ಜಾಗ ತೆರೆದು ನೋಡಿ. ಹಸಿರು, ಬಿಳಿ ಪುಡಿ ಇದ್ದರೆ ಹತ್ತಿಗೆ ಒಂದು ಹನಿ ನಿಂಬೆರಸ ಅಥವಾ ವಿನಿಗರ್ ಹಚ್ಚಿ ಒರೆಸಿ, ಒಣಗಿಸಿ. ಕೆ1000ಕ್ಕೆ ಒಂದು ಎಲ್‌ಆರ್44 ಬಟನ್ ಬ್ಯಾಟರಿ ಬೇಕು. ನಿಕಾನ್ ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3 ಎರಡು ಕೇಳುತ್ತವೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಅದೇ ಅಳತೆಯ ಎಸ್‌ಆರ್44 ಸಿಕ್ಕರೆ ಅದೇ ಒಳ್ಳೆಯದು, ಮುಗಿಯುವ ತನಕ ವೋಲ್ಟೇಜ್ ಇಳಿಯುವುದಿಲ್ಲ. ಮೀಟರ್ ಸರಿ ಇದೆಯಾ ಎಂದು ತಿಳಿಯಲು ಮೊಬೈಲ್‌ನ ಲೈಟ್ ಮೀಟರ್ ಆ್ಯಪ್ ಜೊತೆ ಒಂದೇ ಗೋಡೆಯನ್ನು ಅಳೆದು ನೋಡಿ. ಅರ್ಧ ಸ್ಟಾಪ್ ವ್ಯತ್ಯಾಸ ಬಂದರೆ ಪರವಾಗಿಲ್ಲ.

ರೀಲ್ ಆರಿಸುವುದು

ಮಲೆನಾಡಿಗೆ ಐಎಸ್‌ಒ 400ರ ರೀಲ್ (ನಂಬರ್ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು). ಬೇಸಿಗೆಯ ಬಯಲು ಬಿಸಿಲಿಗೆ, ಜಾತ್ರೆಗೆ 200 ಸಾಕು. ಕಪ್ಪು-ಬಿಳುಪಿಗೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೆಂಟ್‌ಮಿಯರ್ 400, ಕಲರ್‌ಗೆ ಕೊಡ್ಯಾಕ್ ಅಲ್ಟ್ರಾಮ್ಯಾಕ್ಸ್ 400. ಒಂದನ್ನೇ ಹಿಡಿದು ಕೆಲವು ರೀಲ್ ಮುಗಿಸಿ, ಆಮೇಲೆ ಬೇರೆ ನೋಡಿ.

ಸಿನಿಮಾ ಫಿಲ್ಮನ್ನು ಸಣ್ಣ ರೀಲ್‌ಗೆ ಸುತ್ತಿ ಕಡಿಮೆ ಬೆಲೆಗೆ ಮಾರುತ್ತಾರೆ. ಅದರ ಹಿಂಬದಿಯಲ್ಲಿ ರೆಮ್‌ಜೆಟ್ ಅನ್ನುವ ಕಪ್ಪು ಪದರ ಇದ್ದರೆ ಮಾಮೂಲಿ ಕಲರ್ ಲ್ಯಾಬ್‌ಗೆ ಕೊಡಬಾರದು. ಆ ಮಸಿ ಮೆಷಿನ್ ಒಳಗಿನ ಕೆಮಿಕಲ್ಲನ್ನೂ ಬೇರೆಯವರ ರೀಲನ್ನೂ ಕೆಡಿಸುತ್ತದೆ. ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಡಬ್ಬಿ ಏನಾದರೂ ಮನೆಯಲ್ಲಿ ಸಿಕ್ಕಿತಾ? ಆ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅವಧಿ ಮುಗಿದ ರೀಲ್‌ಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಬೇಕು ಅನ್ನುವ ಲೆಕ್ಕ ಇದೆ. ಆದರೆ ನಮ್ಮ ತೇವದಲ್ಲಿ ಇಟ್ಟ ರೀಲ್‌ಗೆ ಆ ಲೆಕ್ಕವೂ ಹತ್ತುವುದಿಲ್ಲ. ತಮಾಷೆಗೆ ಹಾಕಿ, ಮದುವೆಗೆ ಬೇಡ.

ಹೊಸ ರೀಲ್ ಫ್ರಿಜ್‌ನಲ್ಲಿ ಇಡಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ. ಒಂದು ಗಂಟೆ ಬಿಡಿ. ಇಲ್ಲದಿದ್ದರೆ ತಣ್ಣಗಿನ ಫಿಲ್ಮ್ ಮೇಲೆ ಹನಿ ಕೂರುತ್ತದೆ.

ಲೋಡ್ ಮಾಡುವುದು

ಕೈ ಮರೆತಿರುವುದಿಲ್ಲ, ಆದರೂ ಒಮ್ಮೆ. ರಿವೈಂಡ್ ಗುಬುಟು ಮೇಲೆಳೆದರೆ ಬಾಗಿಲು ತೆರೆಯುತ್ತದೆ. ರೀಲ್ ಎಡಗಡೆ ಕೂರಿಸಿ, ನಾಲಗೆಯನ್ನು ಬಲಗಡೆಯ ಸ್ಪೂಲ್‌ನ ಸಂದಿಗೆ ಸಿಕ್ಕಿಸಿ. ಮೇಲೆ ಕೆಳಗೆ ಎರಡೂ ಅಂಚಿನ ತೂತುಗಳು ಹಲ್ಲಿಗೆ ಕೂತ ಮೇಲೆಯೇ ಬಾಗಿಲು ಹಾಕಿ. ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಈಗ ಲಿವರ್ ಎಳೆಯುವಾಗ ಆ ಹಿಡಿ ಹಿಂದಕ್ಕೆ ತಿರುಗಬೇಕು. ತಿರುಗುತ್ತಿಲ್ಲವಾ? ಫಿಲ್ಮ್ ಓಡುತ್ತಿಲ್ಲ. ಐಎಸ್‌ಒ ಡಯಲ್ ಇಡುವುದನ್ನು ಮರೆಯಬೇಡಿ. ಡಿಜಿಟಲ್ ಅಭ್ಯಾಸದಲ್ಲಿ ಮೊದಲು ಮರೆತುಹೋಗುವುದೇ ಅದು.

ಮೊದಲ ರೀಲ್ ಪರೀಕ್ಷೆಗೆ

ಮೊದಲ ರೀಲ್‌ನ ಐದು ಫ್ರೇಮ್ ಶಟರ್ ಪರೀಕ್ಷೆಗೆ ಬಿಡಿ. ದಟ್ಟ ಮೋಡದ ಮಧ್ಯಾಹ್ನ, 400ರ ರೀಲ್ ಹಾಕಿ ಒಂದೇ ಗೋಡೆಯ ಐದು ಫೋಟೋ ತೆಗೆಯಿರಿ: 1/1000ಕ್ಕೆ ಎಫ್ 4, 1/500ಕ್ಕೆ 5.6, 1/250ಕ್ಕೆ 8, 1/125ಕ್ಕೆ 11, 1/60ಕ್ಕೆ 16. ಲೆಕ್ಕದಲ್ಲಿ ಐದಕ್ಕೂ ಒಂದೇ ಬೆಳಕು. ನೆಗೆಟಿವ್‌ನಲ್ಲಿ ಐದೂ ಒಂದೇ ದಟ್ಟಣೆಯಲ್ಲಿ ಬರಬೇಕು. ಯಾವುದೋ ಒಂದು ತೆಳುವಾಗಿದ್ದರೆ ಅಥವಾ ಕಪ್ಪಾಗಿದ್ದರೆ ಆ ಸ್ಪೀಡ್ ಕೈಕೊಟ್ಟಿದೆ. ಅದೊಂದನ್ನು ಬಿಟ್ಟು ಉಳಿದವನ್ನು ಬಳಸಿದರಾಯಿತು.

ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಫ್ರೇಮ್ ನಂಬರ್, ಸ್ಪೀಡ್, ಅಪರ್ಚರ್, ಜಾಗ ಬರೆದಿಡಿ. ಫೋಟೋ ನೋಡುವುದು ವಾರಗಳ ಮೇಲೆ. ಬರೆದಿಡದಿದ್ದರೆ ಏನು ಮಾಡಿದ್ದೆ ಎನ್ನುವುದೇ ನೆನಪಿರುವುದಿಲ್ಲ.

ನಮ್ಮ ಬೆಳಕನ್ನು ಅಳೆಯುವುದು

ಹಳೆಯ ಸೂತ್ರ ನಿಮಗೆ ಗೊತ್ತೇ ಇದೆ. ಚೆನ್ನಾಗಿ ಬಿಸಿಲಿದ್ದರೆ ಎಫ್ 16, ಶಟರ್ ಸ್ಪೀಡ್ ರೀಲ್‌ನ ನಂಬರಿನಷ್ಟು. 400ಕ್ಕೆ 1/500. ಮೋಡ ಮುಚ್ಚಿದ್ದರೆ ಎಫ್ 8, ಇನ್ನೂ ದಟ್ಟವಾದರೆ 5.6. ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಹೊರಗೆ ಈ ಸೂತ್ರ ಸಲೀಸಾಗಿ ನಡೆಯುತ್ತದೆ.

ತೋಟಕ್ಕೆ ಇಳಿದ ಕೂಡಲೇ ಎಲ್ಲ ಬದಲು. ಅಡಿಕೆ ಮರಗಳ ಕೆಳಗೆ ಅದೇ 400ರ ರೀಲ್‌ಗೆ 1/60, ಎಫ್ 4ರ ಆಸುಪಾಸಿಗೆ ಬರಬೇಕಾಗುತ್ತದೆ. 50 ಎಂಎಂ ಲೆನ್ಸ್‌ನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು 1/60 ಕೊನೆಯ ಗಡಿ. ಅದಕ್ಕಿಂತ ಕೆಳಗೆ ಹೋದರೆ ಮರಕ್ಕೆ ಒರಗಿಕೊಳ್ಳಿ.

ಕಷ್ಟ ಕೊಡುವುದು ಕತ್ತಲಿಗಿಂತ ಹೆಚ್ಚಾಗಿ ಬಿಸಿಲಿನ ಚುಕ್ಕೆ. ಸೋಗೆಯ ಸಂದಿಯಿಂದ ಬೀಳುವ ಬಿಸಿಲು ಮೀಟರ್‌ಗೆ ದಿಕ್ಕು ತಪ್ಪಿಸುತ್ತದೆ. ಹಳೆಯ ಮೀಟರ್‌ಗಳು ಸಾಮಾನ್ಯವಾಗಿ ಚೌಕದ ನಡುವಿನ ಭಾಗಕ್ಕೆ ಹೆಚ್ಚು ತೂಕ ಕೊಡುತ್ತವೆ, ನಡುವೆ ಒಂದು ಬಿಸಿಲಿನ ಪಟ್ಟಿ ಬಿದ್ದರೆ ಉಳಿದದ್ದೆಲ್ಲ ಮಸಿ. ನೆಗೆಟಿವ್ ಫಿಲ್ಮ್ ಬೆಳಕು ಜಾಸ್ತಿಯಾದರೆ ಸಹಿಸುತ್ತದೆ, ಕಮ್ಮಿಯಾದರೆ ಸಹಿಸುವುದಿಲ್ಲ. ಆದ್ದರಿಂದ ನೆರಳಿನ ಭಾಗಕ್ಕೆ ಮೀಟರ್ ಹಿಡಿದು, ಅಲ್ಲಿಂದ ಒಂದು ಸ್ಟಾಪ್ ಮಾತ್ರ ಇಳಿಸಿ. ಅಷ್ಟು ಲೆಕ್ಕ ಬೇಡ ಎನ್ನುವವರು 400ರ ರೀಲ್ ಹಾಕಿ ಡಯಲ್ 200ಕ್ಕೆ ಇಟ್ಟುಬಿಡಿ. ನಾನು ತೋಟದಲ್ಲಿ ಮಾಡುವುದೂ ಅದನ್ನೇ.

ಮಳೆಗಾಲದ ಬಿಳಿ ಆಕಾಶವೂ ಹಾಗೆಯೇ ಮೋಸ ಮಾಡುತ್ತದೆ. ಕವಲೇದುರ್ಗದ ಕೋಟೆಯ ಮೇಲೆ ಚೌಕದ ಅರ್ಧ ಆಕಾಶವೇ ಇದ್ದರೆ ಕಲ್ಲುಗೋಡೆ ಕಪ್ಪಾಗಿ ಬರುತ್ತದೆ. ಕ್ಯಾಮೆರಾ ಕೆಳಗೆ ಬಾಗಿಸಿ, ಆಕಾಶ ಹೊರಗಿಟ್ಟು ಅಳೆದು, ಆಮೇಲೆ ಮೇಲೆತ್ತಿ ಒತ್ತಿ. ಹತ್ತಿರದಲ್ಲಿ ಹಸಿರು ಗದ್ದೆಯೋ ಹುಲ್ಲೋ ಇದ್ದರೆ ಅದಕ್ಕೇ ಅಳತೆ ಹಿಡಿಯಿರಿ. ಮೀಟರ್ ಬಯಸುವ ನಡುಮಟ್ಟದ ಬೂದು ಬಣ್ಣಕ್ಕೆ ಹುಲ್ಲಿನ ಹಸಿರು ಹತ್ತಿರ. ಅದೇ ಬೆಳಕು ಅದರ ಮೇಲೂ ಬೀಳುತ್ತಿರಬೇಕು, ಅಷ್ಟೇ.

ಜೋಗದಲ್ಲಿ ಬಿಳಿ ನೀರು, ಪಕ್ಕದಲ್ಲಿ ಒದ್ದೆ ಕಪ್ಪು ಬಂಡೆ. ಮೀಟರನ್ನು ನೀರಿಗೆ ಹಿಡಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೂದಿ ಬಣ್ಣಕ್ಕೆ ತಿರುಗುತ್ತವೆ. ಇಲ್ಲೂ ಹುಲ್ಲಿಗೇ ಅಳೆಯಿರಿ. ಮಂಜು ಮುಸುಕಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡಿ. ನೀರು ಹಾಲಿನ ಹಾಗೆ ಕಾಣಬೇಕೆಂದು ಟ್ರೈಪಾಡ್ ಇಟ್ಟು ಸೆಕೆಂಡುಗಟ್ಟಲೆ ಶಟರ್ ತೆರೆಯುವುದಾದರೆ ಇನ್ನೊಂದು ಲೆಕ್ಕ ಸೇರುತ್ತದೆ. ಫಿಲ್ಮ್ ಒಂದು ಸೆಕೆಂಡು ದಾಟಿದ ಮೇಲೆ ಮಂದವಾಗುತ್ತದೆ. ಎಚ್‌ಪಿ5ರಲ್ಲಿ ಮೀಟರ್ 4 ಸೆಕೆಂಡು ಎಂದರೆ 6 ಕೊಡಬೇಕು, 10 ಎಂದರೆ ಸುಮಾರು 20. ಡಿಜಿಟಲ್‌ನಿಂದ ಬಂದವರಿಗೆ ಇದು ಹೊಸದು.

ಕಪ್ಪು-ಬಿಳುಪಿನವರಿಗೆ ನಮ್ಮ ಊರಿನದೇ ಇನ್ನೊಂದು ತೊಂದರೆ. ಮಲೆನಾಡಿನ ಹಸಿರೆಲ್ಲ ಒಂದೇ ಬೂದು ಬಣ್ಣವಾಗಿ ಬಂದುಬಿಡುತ್ತದೆ. ಗದ್ದೆ, ತೋಟ, ಕಾಡು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆ. ಹಳದಿ-ಹಸಿರು ಫಿಲ್ಟರ್ ಹಾಕಿದರೆ ಎಲೆಗಳು ತಿಳಿಯಾಗಿ, ಚಿಗುರು ಬೇರೆ, ಹಳೆ ಎಲೆ ಬೇರೆ ಎಂದು ಕಾಣುತ್ತದೆ. ಕೆಂಪು ಫಿಲ್ಟರ್ ಇಲ್ಲಿ ಬೇಡ, ಕಾಡೆಲ್ಲ ಇದ್ದಿಲಾಗುತ್ತದೆ.

ಸಕ್ರೆಬೈಲಿನಲ್ಲಿ ಆನೆಗಳು ಬೆಳಿಗ್ಗೆ ತುಂಗೆಗೆ ಸ್ನಾನಕ್ಕೆ ಇಳಿಯುತ್ತವೆ. 135 ಎಂಎಂ ಲೆನ್ಸ್ ಇದ್ದರೆ ಒಯ್ಯಲು ಅದೇ ಜಾಗ. ನೀರಿನ ಹೊಳಪು ಬಿಟ್ಟು ಆನೆಯ ಮೈಗೆ ಅಳೆಯಿರಿ. ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದುದು ರೀಲ್ ಕಾಲದಲ್ಲೇ, ಇಂಥದ್ದೇ ಮಳೆಯಲ್ಲಿ, ನೆರಳಿನಲ್ಲಿ. ಉಪಕರಣ ಸಾಲದು ಅನ್ನಿಸಿದಾಗ ಅದು ನೆನಪಾದರೆ ಒಳ್ಳೆಯದು. ಆಗುಂಬೆಯಲ್ಲಿ ಮಳೆಗಾಲದಲ್ಲಿ ಮೊಣಕಾಲೂರಿ ಅಣಬೆಯ ಫೋಟೋ ತೆಗೆಯುವವರು ಮಾತ್ರ ಉಂಬಳಕ್ಕೆ (ಜಿಗಣೆಗೆ) ಉಪ್ಪೋ ಸುಣ್ಣವೋ ಜೇಬಿನಲ್ಲಿಟ್ಟಿರಿ. ಫೋಕಸ್ ಮಾಡುವಷ್ಟರಲ್ಲಿ ಅವು ಹತ್ತಿರುತ್ತವೆ.

ತೊಳೆಯುವುದು

ಕಲರ್ ರೀಲ್‌ಗೆ ಸಿ-41 ಪ್ರಕ್ರಿಯೆ. ಅದಕ್ಕೆ 38 ಡಿಗ್ರಿ ಬಿಸಿ ಕದಲದೆ ಇರಬೇಕು. ಬೆಂಗಳೂರಿನ ಲ್ಯಾಬ್‌ಗೆ ಕೊರಿಯರ್ ಮಾಡುವುದೇ ಸುಲಭ. ರೀಲನ್ನು ಅದರ ಡಬ್ಬಿಯಲ್ಲೇ ಹಾಕಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಗಟ್ಟಿ ಪೆಟ್ಟಿಗೆಯಲ್ಲಿ ಕಳಿಸಿ. ನೆಗೆಟಿವ್ ವಾಪಸ್ ಬೇಕು ಎಂದು ಬರೆದು ಹಾಕಿ. ಬರೆಯದಿದ್ದರೆ ಬರೀ ಸ್ಕ್ಯಾನ್ ಕಳಿಸಿ ಮುಗಿಸುವವರೂ ಇದ್ದಾರೆ.

ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಿರಿ. ಬೇಕಾದ್ದು ಡೆವಲಪಿಂಗ್ ಟ್ಯಾಂಕ್, ಚೇಂಜಿಂಗ್ ಬ್ಯಾಗ್ (ಒಳಗೆ ಬೆಳಕು ಹೋಗದ ಚೀಲ), ಥರ್ಮಾಮೀಟರ್, ಚಿತ್ರ ಮೂಡಿಸಲು ಡಿ-76 ಡೆವಲಪರ್, ಮೂಡಿದ್ದು ಉಳಿಯಲು ರ‍್ಯಾಪಿಡ್ ಫಿಕ್ಸರ್. ಟ್ಯಾಂಕ್‌ನ ಸುರುಳಿಗೆ ಫಿಲ್ಮ್ ಸುತ್ತುವುದನ್ನು ಹಾಳು ರೀಲ್‌ನಲ್ಲಿ ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುರುಳಿ ಒಂಚೂರು ಒದ್ದೆಯಿದ್ದರೂ ಫಿಲ್ಮ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಹೇರ್ ಡ್ರೈಯರ್‌ನಿಂದ ಮೊದಲೇ ಒಣಗಿಸಿ. ಚೇಂಜಿಂಗ್ ಬ್ಯಾಗ್ ಒಳಗೆ ಕೈ ಬೆವರುತ್ತದೆ, ಆದ್ದರಿಂದ ತಂಪು ಹೊತ್ತಿನಲ್ಲಿ ಮಾಡಿ.

ಎಚ್‌ಪಿ5ಕ್ಕೆ ಡಿ-76 ಒಂದು ಪಾಲು, ನೀರು ಒಂದು ಪಾಲು, 20 ಡಿಗ್ರಿಯಲ್ಲಿ 11 ನಿಮಿಷ. ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿ ಸಾಧಿಸುವುದು ಕಷ್ಟವಲ್ಲ. ಏಪ್ರಿಲ್‌ನಲ್ಲಿ ಬಕೆಟ್ ನೀರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸ್ ಹಾಕಿ, ಅದರಲ್ಲಿ ಬಾಟಲಿ ಇಳಿಸಿ ತಣ್ಣಗೆ ಮಾಡಬೇಕು. 24 ಡಿಗ್ರಿಗೆ ಸಮಯ ಏಳೂವರೆ ನಿಮಿಷದ ಆಸುಪಾಸು. ಅದಕ್ಕಿಂತ ಬಿಸಿಯಲ್ಲಿ ಮಾಡಬೇಡಿ, ಸಮಯ ತೀರಾ ಕಮ್ಮಿಯಾಗಿ ಫಿಲ್ಮ್ ಒಂದೇ ಸಮ ಬೆಳೆಯುವುದಿಲ್ಲ. ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡಿನಲ್ಲಿ ಟ್ಯಾಂಕ್ ನಾಲ್ಕು ಸಲ ತಲೆಕೆಳಗು ಮಾಡಿ, ಆಮೇಲೆ ಕೆಳಗಿಟ್ಟು ಮೆಲ್ಲಗೆ ತಟ್ಟಿ. ಡೆವಲಪರ್ ಚೆಲ್ಲಿ, ನೀರು ಹಾಕಿ ಚೆಲ್ಲಿ, ಫಿಕ್ಸರ್ ಐದು ನಿಮಿಷ. ತೊಳೆಯಲು ನಲ್ಲಿ ಬಿಟ್ಟು ನೀರು ಹಾಳು ಮಾಡುವುದು ಬೇಡ. ಟ್ಯಾಂಕ್‌ಗೆ ನೀರು ತುಂಬಿ ಐದು ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಸಾಕು.

"ಗಂಗಾ ಸ್ನಾನ, ತುಂಗಾ ಪಾನ" ಎನ್ನುತ್ತಾರೆ, ಆದರೆ ಜುಲೈ ತಿಂಗಳ ಕೆಂಪು ನೀರು ಫಿಲ್ಮ್‌ಗೆ ಒಳ್ಳೆಯದಲ್ಲ. ಸೋಸಿ ಬಳಸಿ. ಕೊನೆಯ ಅದ್ದುವಿಕೆಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತಂದು, ಅದಕ್ಕೆ ಒಂದೆರಡು ಹನಿ ವೆಟಿಂಗ್ ಏಜೆಂಟ್ (ನೀರು ಹನಿಯಾಗಿ ನಿಲ್ಲದೆ ಜಾರುವ ಹಾಗೆ ಮಾಡುವ ದ್ರವ) ಹಾಕಿ. ನೀರಿನ ಕಲೆ ಉಳಿಯುವುದಿಲ್ಲ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತದೆ, ಅದು ಮೀನಿಗೆ ವಿಷ. ತೋಟದ ಕಪ್ಪಿಗೆ (ನೀರು ಹರಿಯುವ ಕಾಲುವೆಗೆ), ಬಾವಿ ಹತ್ತಿರ ಚೆಲ್ಲಬೇಡಿ. ಕ್ಯಾನ್‌ನಲ್ಲಿ ಕೂಡಿಟ್ಟು ದೊಡ್ಡ ಲ್ಯಾಬ್‌ನವರನ್ನು ಕೇಳಿ.

ಒಣಗಿಸುವುದು, ಇಡುವುದು

ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಫಿಲ್ಮ್ ಒಣಗುತ್ತಾ? ಒಣಗುತ್ತದೆ, ಹೊತ್ತು ಹಿಡಿಯುತ್ತದೆ. ಬೆಚ್ಚಗಿದೆ ಅಂತ ಬಚ್ಚಲೊಲೆಯ ಹತ್ತಿರ ಮಾತ್ರ ನೇತುಹಾಕಬೇಡಿ. ಬೂದಿ ಹಾರಿ ಒದ್ದೆ ಫಿಲ್ಮ್‌ಗೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಫ್ಯಾನ್ ಕೂಡ ಬೇಡ, ಧೂಳು. ಖಾಲಿ ಮಾಡಿದ ಬಟ್ಟೆ ಬೀರುವಿನಲ್ಲಿ ಮೇಲಿನಿಂದ ಕ್ಲಿಪ್ ಹಾಕಿ ನೇತುಬಿಟ್ಟು, ಕೆಳಗೊಂದು ಕ್ಲಿಪ್ ಭಾರಕ್ಕೆ ಸಿಕ್ಕಿಸಿ, ಫಿಲ್ಮ್‌ನಿಂದ ದೂರದ ಮೂಲೆಯಲ್ಲಿ ಹಳೆಯ ತಂತಿಯ ಝೀರೋ ಬಲ್ಬ್ ಹಚ್ಚಿ. ಎಲ್‌ಇಡಿ ಬಲ್ಬ್‌ನಲ್ಲಿ ಅಷ್ಟು ಶಾಖ ಬರುವುದಿಲ್ಲ. ರಾತ್ರಿ ಬಿಟ್ಟರೆ ಬೆಳಿಗ್ಗೆ ಕತ್ತರಿಸಿ ಆರಾರು ಫ್ರೇಮ್‌ನ ಪಟ್ಟಿ ಮಾಡಬಹುದು.

ಸ್ಕ್ಯಾನ್‌ಗೆ ಡಿಜಿಟಲ್ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ ಇದ್ದರೆ ಸಾಕು. ಟ್ಯಾಬ್ಲೆಟ್‌ನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು ತೆಗೆಯುವುದಾದರೆ ಪರದೆಯಿಂದ ಒಂದೆರಡು ಇಂಚು ಮೇಲೆ ಎತ್ತಿ ಹಿಡಿಯಿರಿ. ಅಂಟಿಸಿ ಇಟ್ಟರೆ ಪಿಕ್ಸೆಲ್‌ಗಳ ಚುಕ್ಕೆ ಕಾಣುತ್ತದೆ.

ಕ್ಯಾಮೆರಾ ಇಡಲು ಚರ್ಮದ ಕೇಸ್ ಬೇಡ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಒಂದು ಚಿಕ್ಕ ಹೈಗ್ರೋಮೀಟರ್ ಇಡಿ. ತೇವಾಂಶ 40ರಿಂದ 50 ಶೇಕಡಾ ಇದ್ದರೆ ಸರಿ. 60 ದಾಟಿದರೆ ಫಂಗಸ್‌ಗೆ ಹಬ್ಬ. ನೀಲಿ ಜೆಲ್ ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬಳಸಬೇಡಿ, ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ವಿಷ. ಕಿತ್ತಳೆ ಬಣ್ಣದ ಜೆಲ್ ಸಿಕ್ಕರೆ ಅದನ್ನೇ ತನ್ನಿ. ನೆಗೆಟಿವ್ ಪಟ್ಟಿಗಳೂ ಇದೇ ಡಬ್ಬಿಗೆ. ಮಳೆಗಾಲದಲ್ಲಿ ಅರ್ಧ ರೀಲ್ ಮುಗಿಸಿದ ಕ್ಯಾಮೆರಾವನ್ನು ದಸರೆಯವರೆಗೆ ಇಡಬೇಡಿ, ಉಳಿದ ಫ್ರೇಮ್‌ಗಳನ್ನು ಮನೆಯವರ ಫೋಟೋ ತೆಗೆದಾದರೂ ಮುಗಿಸಿ. ಮತ್ತೆ ಹದಿನೈದು ದಿನಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು, ಎಲ್ಲ ಸ್ಪೀಡ್‌ನಲ್ಲೂ ಒಮ್ಮೊಮ್ಮೆ ಶಟರ್ ಒತ್ತಿ, ಸ್ಪ್ರಿಂಗ್ ಸಡಿಲ ಬಿಟ್ಟು ಒಳಗಿಡಿ.